ಏಳು ಕಲ್ಲು, ಒಂದು ಹೊಂಗೆ ಕೊಂಬೆ

ಈ ಸಲ ದಸರಾಕ್ಕೆ ಊರಿಗೆ ಬಂದಾಗ ಅಮ್ಮನನ್ನು ಮೇಲುಕೋಟೆಗೆ ಕರೆದುಕೊಂಡು ಹೋಗಿದ್ದೆ. ಮಂಡಿ ನೋವು, ಬೆಟ್ಟ ಹತ್ತಲ್ಲ ಅಂದರು. ಕೆಳಗೆ ಚೆಲುವರಾಯನಿಗೆ ಕೈ ಮುಗಿದು, ಪುಳಿಯೋಗರೆ ಕಟ್ಟಿಸಿಕೊಂಡು ಹೊರಟಾಗ ಏಳು ಗಂಟೆ ಆಗಿತ್ತು. ಜಕ್ಕನಹಳ್ಳಿ ದಾಟಿ ಪಾಂಡವಪುರದ ಕಡೆ ಬರುತ್ತಿದ್ದೆವು. ಕಾರು ತಮ್ಮನದು, ಓಡಿಸುತ್ತಿದ್ದವನು ನಾನು. ಮುಳ್ಳು 60ರಲ್ಲಿತ್ತು. ಎದುರಿಗೆ ಒಂದು ಟೆಂಪೋ ಫುಲ್ ಲೈಟ್ ಹಾಕಿಕೊಂಡು ಬಂತು. ನಾನು ಡಿಮ್ ಮಾಡಿದೆ, ಅವನು ಮಾಡಲಿಲ್ಲ. ಅವನು ದಾಟಿದ ಮೇಲೆ ಎರಡು ಕ್ಷಣ ಏನೂ ಕಾಣಲಿಲ್ಲ. ಆಮೇಲೆ ಕಂಡದ್ದು ಕಬ್ಬು. ರಸ್ತೆ ಮಧ್ಯೆ ಕಬ್ಬಿನ ಗೋಡೆ.

ಬ್ರೇಕ್ ಒತ್ತಿದೆ. ಹಿಂದಿನ ಸೀಟಿನಿಂದ ಅಮ್ಮ 'ಶಿವನೇ' ಅಂದದ್ದು ಕೇಳಿಸಿತು. ಪುಳಿಯೋಗರೆ ಪೊಟ್ಟಣ ನನ್ನ ಕಾಲ ಬುಡಕ್ಕೆ ಬಂತು. ಕಾರು ನಿಂತಾಗ ಕಬ್ಬಿನ ತುದಿ ಬಾನೆಟ್ಟಿನ ಮೇಲೆ ಚಾಚಿಕೊಂಡಿತ್ತು, ಮುಂದಿನ ಟೈರು ಒಂದು ಕಲ್ಲಿಗೆ ಒರಗಿತ್ತು.

ಇಳಿದು ನೋಡಿದರೆ ಲಾರಿ. ಕಬ್ಬು ಹಿಂದಕ್ಕೆ ಮೂರು ನಾಲ್ಕು ಅಡಿ ಇಳಿಬಿದ್ದು ಟೈಲ್ ಲೈಟು, ನಂಬರ್ ಪ್ಲೇಟು, ಮಿನುಗುವ ಪಟ್ಟಿ ಎಲ್ಲವನ್ನೂ ಮುಚ್ಚಿತ್ತು. ಲಾರಿಯ ಹಿಂದೆ ಮೂರು ಹೆಜ್ಜೆ ದೂರದಲ್ಲಿ ಅರ್ಧ ಚಂದ್ರನ ಹಾಗೆ ಕಲ್ಲು ಜೋಡಿಸಿದ್ದರು. ಕಬ್ಬಿನ ಮಧ್ಯೆ ಒಂದು ಹೊಂಗೆ ಕೊಂಬೆ ಸಿಕ್ಕಿಸಿದ್ದರು. ಕ್ಯಾಬಿನ್ನಿನಲ್ಲಿ ಒಬ್ಬ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು, ಮೊಬೈಲ್ ನೋಡುತ್ತಾ ಕೂತಿದ್ದ. ಒಬ್ಬನೇ. ನಾನು ಬಾಯಿ ಬಿಡುವ ಮೊದಲೇ ಅವನು ಕೇಳಿದ: 'ಕಲ್ಲು ಇಟ್ಟಿದೀನಲ್ಲ ಅಣ್ಣ, ಕಾಣ್ಲಿಲ್ವಾ?'

ಏನು ಹೇಳಲಿ? ಆಕ್ಸಲ್ ಕಟ್ ಆಗಿದೆ, ಮೆಕ್ಯಾನಿಕ್ ಬೆಳಿಗ್ಗೆ ಬರುತ್ತಾನಂತೆ. ಅವನ ಲೆಕ್ಕದಲ್ಲಿ ಅವನು ಮಾಡಬೇಕಾದ್ದೆಲ್ಲ ಮಾಡಿಯಾಗಿತ್ತು. ತಪ್ಪು ನನ್ನ ಕಣ್ಣಿನದು.

ಮಾರನೇ ದಿನ ಸಂಜೆ ಸುಮ್ನೆ ಅದೇ ರಸ್ತೆಗೆ ಮತ್ತೆ ಹೋದೆ. ನಿದ್ದೆ ಬಂದಿರಲಿಲ್ಲ, ಅದಕ್ಕೆ. ಲಾರಿ ಇರಲಿಲ್ಲ. ಕಲ್ಲು ಇದ್ದವು. ಎಣಿಸಿದೆ, ಏಳು. ಒಂದೊಂದೂ ತೆಂಗಿನಕಾಯಿಗಿಂತ ದಪ್ಪ. ಬಾಡಿದ ಹೊಂಗೆ ಕೊಂಬೆ ಟಾರಿಗೆ ಅಂಟಿಕೊಂಡಿತ್ತು. ಬೈಕಿನವರು ಕಲ್ಲಿನ ಹತ್ತಿರ ಬಂದು, ಸರಕ್ಕನೆ ಬಲಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ನಾನು ಒಂದೊಂದಾಗಿ ಎತ್ತಿ ಚರಂಡಿ ಪಕ್ಕಕ್ಕೆ ಹಾಕುತ್ತಿದ್ದಾಗ ಹಸು ಹೊಡೆದುಕೊಂಡು ಬಂದ ಯಜಮಾನರೊಬ್ಬರು ನಿಂತು ನೋಡಿದರು. 'ಯಾಕಪ್ಪಾ, ಮನೆ ಕಟ್ತಿದೀಯಾ?'

ಇಷ್ಟಕ್ಕೆ ಒಂದು ಲೇಖನವಾ ಅಂತ ನಿಮಗೆ ಅನ್ನಿಸಬಹುದು. ನನಗೆ ಮಾತ್ರ ಇದು ಸಣ್ಣ ವಿಷಯ ಅನ್ನಿಸಲಿಲ್ಲ, ಯಾಕೆಂದರೆ ನಾನೂ ಲಾರಿ ಡ್ರೈವರ್.

ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿದ್ದೇನೆ. ಹದಿನೆಂಟು ವರ್ಷ ಕಂಪ್ಯೂಟರ್ ಮುಂದೆ ಕೂತೆ. ಕೆಲಸ ಹೋಯಿತು. ಇನ್ನೊಂದು ಹುಡುಕುವುದು ಬಿಟ್ಟು ಹೆವಿ ಲೈಸೆನ್ಸ್ ತೆಗೆದುಕೊಂಡೆ. ನಮ್ಮ ಕಣಿವೆಯಲ್ಲಿ ಬಾದಾಮಿ, ದ್ರಾಕ್ಷಿ, ಟೊಮೆಟೊ ಸಾಗಿಸಲು ಲಾರಿಗೆ ಕೆಲಸ ತಪ್ಪಿದ್ದಲ್ಲ. ಡ್ರೈವರ್‌ಗಳಲ್ಲಿ ಪಂಜಾಬಿನವರು ಜಾಸ್ತಿ, ನಡುವೆ ನಾನೊಬ್ಬ ಮಂಡ್ಯದವನು. ಊರಲ್ಲಿ ಸುದ್ದಿ ಗೊತ್ತಾದಾಗ 'ಲಾರಿ ಹೊಡೆಯೋಕೆ ಅಮೇರಿಕಾಗೆ ಹೋಗಬೇಕಿತ್ತಾ' ಅಂತ ನಕ್ಕವರೇ ಎಲ್ಲ. ಖುಷಿಪಟ್ಟವರು ನನ್ನ ಸೋದರಮಾವ ಒಬ್ಬರೇ. ಅವರು ನಲವತ್ತು ವರ್ಷದಿಂದ ಲಾರಿಯಲ್ಲಿರುವವರು. ಮಂಡ್ಯ ಬೆಲ್ಲ ಅವರ ಲಾರಿಯಲ್ಲಿ ಎಲ್ಲೆಲ್ಲಿಗೋ ಹೋಗಿದೆ.

ಅಮೇರಿಕದಲ್ಲಿ ಲೈಸೆನ್ಸಿಗೆ ಓದುವ ಪುಸ್ತಕ ದಪ್ಪ. ಓದಿ ಬರೆದು ಪಾಸಾದ ಮೇಲೆ ಲಾರಿ ಸುತ್ತ ನಡೆದು ಒಂದೊಂದು ಭಾಗ ಮುಟ್ಟಿ ತೋರಿಸಿ, ಇದು ಇಂಥದ್ದು, ಒಡೆದಿಲ್ಲ, ಬಾಗಿಲ್ಲ, ಸೋರುತ್ತಿಲ್ಲ ಅಂತ ಬಾಯಿಪಾಠ ಒಪ್ಪಿಸಬೇಕು. ಮಗ್ಗಿ ಒಪ್ಪಿಸಿದ ಹಾಗೆ. ಬೆಂಕಿ ಆರಿಸುವ ಸಿಲಿಂಡರ್ ಇದೆ, ಫ್ಯೂಸ್ ಇದೆ, ಮೂರು ತ್ರಿಕೋನ ಇದೆ ಅಂತಲೂ ಹೇಳಬೇಕು. ತ್ರಿಕೋನ ಅಂದರೆ ಅದೇ, ಕೆಂಪಗೆ ಹೊಳೆಯುವುದು, ಮಡಚಿ ಡಬ್ಬಿಯಲ್ಲಿ ಇಡುವಂಥದ್ದು.

ನನಗೆ ಕಲಿಸಿದ ಮೇಷ್ಟ್ರು ಮುವ್ವತ್ತು ವರ್ಷ ಲಾರಿ ಓಡಿಸಿದ ಮೆಕ್ಸಿಕೋ ಮೂಲದವರು. ಓಡಿಸುವುದನ್ನು ಕಲಿಸುವ ಮೊದಲು ಅವರು ನಿಲ್ಲಿಸುವುದನ್ನು ಕಲಿಸಿದರು. ಅಂಗಳದಲ್ಲಿ ಲಾರಿ ನಿಲ್ಲಿಸಿ, 'ಈಗ ಕೆಟ್ಟು ನಿಂತಿದೆ, ಏನು ಮಾಡುತ್ತೀಯ' ಅಂದರು. ಮೊದಲು ನಾಲ್ಕೂ ಇಂಡಿಕೇಟರ್ ಹಾಕು. ಹತ್ತು ನಿಮಿಷದೊಳಗೆ ತ್ರಿಕೋನ ಇಡು. ಒಂದೇ ಕಡೆ ಹೋಗುವ ದೊಡ್ಡ ರಸ್ತೆಯಾದರೆ ಮೂರೂ ಹಿಂದಕ್ಕೆ, 10 ಅಡಿಗೆ ಒಂದು, 100 ಅಡಿಗೆ ಒಂದು, 200 ಅಡಿಗೆ ಒಂದು. ಎರಡೂ ಕಡೆ ಗಾಡಿ ಬರುವ ರಸ್ತೆಯಾದರೆ ಒಂದನ್ನು ಮುಂದಕ್ಕೂ 100 ಅಡಿ ಇಡಬೇಕು. ತಿರುವು ಅಥವಾ ದಿಬ್ಬ ಇದ್ದರೆ ಅದರ ಆಚೆ, ಬೇಕಾದರೆ 500 ಅಡಿಯವರೆಗೂ ಹೋಗಬೇಕು. ಟೇಪ್ ಹಿಡಿದು ಯಾರೂ ಅಳೆಯಲ್ಲ, ಹೆಜ್ಜೆ ಎಣಿಸಬೇಕು. ನನ್ನ ಕಾಲಿಗೆ 100 ಅಡಿ ಅಂದರೆ 40 ಹೆಜ್ಜೆ. ನಡೆಯುವಾಗ ತ್ರಿಕೋನವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರೆ ಬೈಯುತ್ತಿದ್ದರು. ಎದೆ ಮುಂದೆ ಹಿಡಿದು, ಬರುವ ಗಾಡಿಗೆ ತೋರಿಸುತ್ತಾ ಹೋಗಬೇಕು. ಮೊದಲು ಕಾಣಬೇಕಾದ್ದು ನೀನು, ಆಮೇಲೆ ಲಾರಿ ಅನ್ನುತ್ತಿದ್ದರು.

ಅಷ್ಟು ದೂರ ಯಾಕೆ ಅನ್ನುವುದಕ್ಕೂ ಅದೇ ಪುಸ್ತಕದಲ್ಲಿ ಲೆಕ್ಕ ಇದೆ. ರಾತ್ರಿ ಡಿಮ್ ಲೈಟಿನಲ್ಲಿ ಕಾಣುವುದು ಸುಮಾರು 250 ಅಡಿ. 55 ಮೈಲಿ ವೇಗದಲ್ಲಿ, ಅಂದರೆ ನಮ್ಮ 88 ಕಿಲೋಮೀಟರಿನಲ್ಲಿ, ಒಂದು ದೊಡ್ಡ ಲಾರಿ ನಿಲ್ಲುವುದಕ್ಕೆ ಕಡಿಮೆ ಅಂದರೂ 419 ಅಡಿ ಬೇಕು. ಅದರಲ್ಲಿ 142 ಅಡಿ ಕಣ್ಣು ಕಂಡದ್ದು ತಲೆಗೆ ಹೋಗುವಷ್ಟರಲ್ಲೇ ಮುಗಿದಿರುತ್ತದೆ. ಇನ್ನು 61 ಅಡಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ. ಬ್ರೇಕ್ ಹಿಡಿಯುವುದು ಆಮೇಲಿನ ಮಾತು. 419 ಬೇಕು, ಕಾಣುವುದು 250. ಹಾಗಿರುವಾಗ ನಿಂತ ಲಾರಿಯ ಹಿಂದೆ ಮೂರು ಹೆಜ್ಜೆಗೆ ಕಲ್ಲು ಇಟ್ಟರೆ ಆ ಕಲ್ಲು ಯಾರಿಗೆ? ಮೇಲುಕೋಟೆ ರಸ್ತೆಯಲ್ಲಿ ನಾನು 60ರಲ್ಲಿದ್ದೆ. ಸೆಕೆಂಡಿಗೆ 55 ಅಡಿ. ಕಲ್ಲು ಲಾರಿಗಿಂತ ಎಷ್ಟು ಮೊದಲು ಸಿಗುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ. ಬೈಕಿನವನಾದರೆ ಲಾರಿಗೆ ಗುದ್ದುವ ಮೊದಲು ಕಲ್ಲಿಗೆ ಗುದ್ದುತ್ತಾನೆ, ಅಷ್ಟೇ ವ್ಯತ್ಯಾಸ.

ಹಾಗಂತ ನಮ್ಮವರಿಗೆ ಲಾರಿ ಓಡಿಸೋಕೆ ಬರಲ್ಲ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಮಾವ ಕೊಯಮತ್ತೂರಿನ ಕಡೆಗೆ ಬೆಲ್ಲ ಹೇರಿಕೊಂಡು ದಿಂಬಂ ಘಾಟಿಯಲ್ಲಿ ಹೋಗುತ್ತಿದ್ದರು. ಇಪ್ಪತ್ತೇಳು ಹೇರ್‌ಪಿನ್ ತಿರುವು. ನಾನು ಹೈಸ್ಕೂಲಿನಲ್ಲಿದ್ದಾಗ ಬೇಸಿಗೆ ರಜೆಯಲ್ಲಿ ಒಂದು ಸಲ ಅವರ ಟಾಟಾ 1210ರಲ್ಲಿ ಹೋಗಿದ್ದೆ. ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿದರು. 'ಹತ್ತೋ ಗೇರಲ್ಲೇ ಇಳೀಬೇಕು ಕಣ್ಲಾ. ನ್ಯೂಟ್ಲು ಹಾಕ್ದವ್ನು ಡೀಸಲ್ ಉಳುಸ್ತಾನೆ, ಹೆಂಡ್ತಿ ತಾಳಿ ಉಳ್ಸಲ್ಲ' ಅಂದರು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಕೂರುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒತ್ತು, ಬುಡು, ಒತ್ತು, ಬುಡು. ಮುಂದೆ ಹೋಗುವ ಲಾರಿಯ ಬ್ರೇಕ್ ಲೈನರ್ ಸುಟ್ಟ ವಾಸನೆ ಬಂದರೆ ಸಾಕು, ನಿಂತು ಅದಕ್ಕೆ ದಾರಿ ಬಿಟ್ಟು, ಒಂದು ಬೀಡಿ ಸೇದಿ ಹೊರಡುತ್ತಿದ್ದರು.

ಫ್ರೆಸ್ನೋದಲ್ಲಿ ಆ ಪುಸ್ತಕ ಓದುತ್ತಾ ಇಳಿಜಾರಿನ ಪಾಠಕ್ಕೆ ಬಂದಾಗ ಮೈ ಜುಮ್ಮೆಂದಿತು. ಮಾವನ ಮಾತು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಹಳೇ ಲಾರಿಗಳಲ್ಲಿ ಹತ್ತಲು ಬೇಕಾದ ಗೇರಿನಲ್ಲೇ ಇಳಿಯಬೇಕು ಅಂತ ಒಂದು ನಿಯಮ ಇತ್ತು, ಈಗಿನ ಲಾರಿಗಳು ಸಲೀಸಾಗಿ ಜಾರುತ್ತವೆ, ಎಂಜಿನ್ನಿಗೂ ಬಲ ಜಾಸ್ತಿ, ಹಾಗಾಗಿ ಹತ್ತಿದ್ದಕ್ಕಿಂತ ಇನ್ನೂ ಕೆಳಗಿನ ಗೇರು ಬೇಕಾಗಬಹುದು ಅಂತ ಬರೆದಿದ್ದರು. ಒತ್ತು-ಬುಡು ಕೂಡ ಇತ್ತು. ಇಳಿಯಲು ತಕ್ಕ ವೇಗ 40 ಮೈಲಿ ಅಂತ ಇಟ್ಟುಕೊಂಡರೆ 40 ಮುಟ್ಟಿದಾಗ ಒತ್ತು, 35ಕ್ಕೆ ಬಂದಾಗ ಬಿಡು, ಸುಮಾರು ಮೂರು ಸೆಕೆಂಡಿನ ಕೆಲಸ. ರಾತ್ರಿ ಹನ್ನೊಂದಕ್ಕೆ ಮಾವನಿಗೆ ಫೋನ್ ಮಾಡಿ ಓದಿ ಹೇಳಿದೆ. ಅಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು. 'ನನ್ನ್ ಕೇಳ್ಕಂಡ್ ಬರ್ದವ್ರಾ?' ಅಂದರು.

ನಮ್ಮ ಡ್ರೈವರ್‌ಗಳಿಗೆ ಓಡಿಸುವುದು ಹೀಗೆ ಬೆರಳ ತುದಿಯಲ್ಲಿದೆ. ಬೆಳಿಗ್ಗೆ ಎದ್ದು ಏರ್ ಟ್ಯಾಂಕಿನ ನೀರು ಬಿಡುತ್ತಾರೆ. ಲಿವರಿನಲ್ಲಿ ಟೈರು ಬಡಿದು ಟಣ್ ಅಂತಾ ದೊಪ್ ಅಂತಾ ಕಿವಿಯಲ್ಲೇ ಅಳೆಯುತ್ತಾರೆ. ಅಮೇರಿಕದಲ್ಲಿ ಮೀಟರ್ ಹಚ್ಚದೆ ನಂಬಬೇಡ ಅನ್ನುತ್ತಾರೆ, ಅದು ಬಿಡಿ. ನನಗೆ ಕೋಪ ಬರುವುದು ಇವರೆಲ್ಲ ಲಾರಿ ನಿಲ್ಲಿಸುವುದು ನೋಡಿದಾಗ. ನಮ್ಮ ಕಡೆ ಲಾರಿ ಓಡುವಾಗ ಡ್ರೈವರಿನ ಜವಾಬ್ದಾರಿ. ನಿಂತ ತಕ್ಷಣ ಅದು ಬಂಡೆ, ಮರ, ಬಸ್ ಸ್ಟಾಪಿನ ಹಾಗೆ ಊರಿಗೆ ಸೇರಿದ್ದು. ಹಿಂದಿನಿಂದ ಬರುವವನು ನೋಡಿಕೊಂಡು ಬರಬೇಕು. ಟೀ ಅಂಗಡಿ ಮುಂದೆ ಅರ್ಧ ಟಾರಿನ ಮೇಲೆ ಅರ್ಧ ಮಣ್ಣಿನಲ್ಲಿ, ಲೈಟ್ ಆರಿಸಿ, ಬ್ಯಾಟರಿ ಉಳಿಸಿ.

ಪೇಪರಿನಲ್ಲೂ ಅದೇ ಭಾಷೆ. 'ನಿಂತಿದ್ದ ಲಾರಿಗೆ ಕಾರು ಡಿಕ್ಕಿ.' ಎಷ್ಟು ಸಲ ಓದಿದ್ದೀರಿ? ಕೆಳಗೆ ಅತಿವೇಗ, ಅಜಾಗರೂಕತೆ ಅಂತ ಇರುತ್ತದೆ. ಆ ಲಾರಿ ಅಲ್ಲಿ ಯಾಕೆ ನಿಂತಿತ್ತು, ಹಿಂದೆ ಏನು ಇಟ್ಟಿದ್ದರು, ಲೈಟ್ ಇತ್ತಾ ಅಂತ ಯಾರೂ ಕೇಳಲ್ಲ. ಕಾನೂನು ಇಲ್ಲ ಅಂತಲ್ಲ. ಅಪಾಯ ಆಗುವ ಹಾಗೆ ಗಾಡಿ ಬಿಟ್ಟು ಹೋಗಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ನೇ ಇದೆ.

ಅಮೇರಿಕದಲ್ಲೂ ಇದು ತಾನಾಗಿ ಬಂದದ್ದಲ್ಲ. ಲಾರಿಯ ಹಿಂದೆ ಕೆಳಗಡೆ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ ಇರುತ್ತದಲ್ಲ, ಕಾರು ಒಳಗೆ ನುಗ್ಗದ ಹಾಗೆ ತಡೆಯುವುದಕ್ಕೆ, ಅದನ್ನು ಅಲ್ಲಿ ಈಗಲೂ ಮ್ಯಾನ್ಸ್‌ಫೀಲ್ಡ್ ಬಾರ್ ಅನ್ನುತ್ತಾರೆ. 1967ರಲ್ಲಿ ಜೇನ್ ಮ್ಯಾನ್ಸ್‌ಫೀಲ್ಡ್ ಅನ್ನುವ ಸಿನಿಮಾ ನಟಿಯ ಕಾರು ಟ್ರೇಲರ್ ಹಿಂಭಾಗಕ್ಕೆ ನುಗ್ಗಿ ಆಕೆ ಸತ್ತರು. ಟ್ರೇಲರಿನ ಸುತ್ತ ಕೆಂಪು ಬಿಳಿ ಹೊಳೆಯುವ ಪಟ್ಟಿ ಕಡ್ಡಾಯ ಆದದ್ದು 1993ರ ಡಿಸೆಂಬರಿನಿಂದ ಈಚೆಗೆ ತಯಾರಾದವಕ್ಕೆ. ನಮ್ಮಲ್ಲೂ ಪಟ್ಟಿ ಕಡ್ಡಾಯ, ಬಾರ್ ಕಡ್ಡಾಯ. ಎಫ್‌ಸಿಗೆ, ಅಂದರೆ ಆರ್‌ಟಿಒದ ಫಿಟ್‌ನೆಸ್ ತಪಾಸಣೆಗೆ, ಹೋಗುವ ಹಿಂದಿನ ದಿನ ಅಂಟಿಸುತ್ತಾರೆ. ಆಮೇಲೆ ಅದರ ಮೇಲೆ ಗದ್ದೆ ಮಣ್ಣು, ಮಣ್ಣಿನ ಮೇಲೆ ಕಬ್ಬು.

ಆಯುಧಪೂಜೆ ದಿನ ಮಾವನ ಮನೆಗೆ ಹೋದೆ. ಲಾರಿ ತೊಳೆದು ಬಾಳೆಕಂದು ಕಟ್ಟಿದ್ದರು. ಕಂದಿನ ಎಲೆ ಎಡಗಡೆ ಇಂಡಿಕೇಟರಿಗೆ ಅಡ್ಡ ಬಂದಿತ್ತು, ಹೆಡ್‌ಲೈಟಿಗೆ ಅಂಗೈ ಅಗಲ ಕುಂಕುಮ. ಬೂದುಗುಂಬಳಕಾಯಿ ರಸ್ತೆ ಮಧ್ಯದಲ್ಲೇ ಒಡೆದರು. ಒಬ್ಬ ಟಿವಿಎಸ್‌ನವನು ಅದರ ಮೇಲೆ ಜಾರಿ, ಬೀಳದೆ, ನಕ್ಕು, ಒಂದು ಹಿಡಿ ಪುರಿ ಇಸಿದುಕೊಂಡು ಹೋದ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಊಟ ಆದ ಮೇಲೆ ಮೇಲುಕೋಟೆ ರಸ್ತೆಯ ಕಥೆ ತೆಗೆದೆ.

'ಕಲ್ಲು ಇಡ್ದೆ ಇನ್ನೇನ್ ಹೂವ ಇಡ್ತಾರೇನ್ಲಾ?' ಅಂದರು ಮಾವ.

'ತ್ರಿಕೋನ ಇಡಬೇಕು ಮಾವ. ನಿಮ್ಮ ಲಾರೀಲಿ ಇದ್ಯಾ?'

'ಅದ್ಯಾಕ್ ಇಲ್ಲ?' ಎದ್ದು ಹೋದರು. ಸೀಟಿನ ಅಡಿಯಿಂದ ಜಾಕು, ಹಗ್ಗ, ಒಂದು ಹರಿದ ಟಾರ್ಪಾಲು, ದೇವರ ಫೋಟೋ ಒಂದು, ಎಲ್ಲ ತೆಗೆದ ಮೇಲೆ ಅದು ಬಂತು. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಲಾರಿ ತಗೊಂಡು ಎಂಟು ವರ್ಷ ಆಗಿದೆ.

'ಇದು ಎಫ್‌ಸಿಗೆ ತೋರ್ಸಕ್ಕೆ ಕಣ್ಲಾ. ಆಚೆ ಇಟ್ರೆ ಎತ್ಕಂಡ್ ಒಂಟೋಯ್ತಾರೆ. ಕಲ್ಲ ಯಾವನೂ ಕದಿಯಲ್ಲ.'

ಕದಿಯಲ್ಲ, ಅದಕ್ಕೇ ಅಲ್ಲೇ ಉಳಿಯುತ್ತವೆ ಅಂದೆ. ಜೋರಾಗಿಯೇ ಅಂದೆ ಅಂತ ಕಾಣುತ್ತದೆ, ಅತ್ತೆ ಒಳಗಿನಿಂದ ಬಂದು ನೋಡಿದರು. 250 ಅಡಿ, 419 ಅಡಿ ಎಲ್ಲ ಹೇಳಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ತೋರಿಸಿದೆ. ಮಾವ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. 'ನಮ್ಮ ಕಾಲದಲ್ಲಿ ಕ್ಲೀನರ್ ಎಲ್ ನಿಲ್ತಿದ್ದ ಗೊತ್ತಾ ನಿಂಗೆ?'

ಗೊತ್ತಿರಲಿಲ್ಲ. ಅಲ್ಲ, ಗೊತ್ತಿದ್ದೂ ಮರೆತಿದ್ದೆ.

ಮಾವ ಲಾರಿ ಹತ್ತಿದ್ದು ಹದಿನಾಲ್ಕನೇ ವಯಸ್ಸಿಗೆ, ಕ್ಲೀನರ್ ಆಗಿ. ಆರು ವರ್ಷ ಸ್ಟೀರಿಂಗ್ ಮುಟ್ಟಲು ಬಿಟ್ಟಿರಲಿಲ್ಲ. ಗ್ಲಾಸು ಒರೆಸುವುದು, ಟೈರಿಗೆ ಕಲ್ಲು ಕೊಡುವುದು, ರಿವರ್ಸ್ ತೆಗೆಯುವಾಗ ಹಿಂದೆ ನಿಂತು ಬಾಡಿ ಬಡಿಯುವುದು. ಲಾರಿ ಕೆಟ್ಟು ನಿಂತರೆ ಡ್ರೈವರ್ ಕೆಳಗಿಳಿಯುವ ಮೊದಲು ಕ್ಲೀನರ್ ಇಳಿದು ಹಿಂದಕ್ಕೆ ಓಡಬೇಕು. ಹಗಲಾದರೆ ಕೆಂಪು ಟವೆಲ್, ರಾತ್ರಿಯಾದರೆ ಟಾರ್ಚು. ಟಾರ್ಚ್ ಇಲ್ಲದಿದ್ದರೆ ಹಳೇ ಟ್ಯೂಬ್ ತುಂಡಿಗೆ ಬೆಂಕಿ ಹಚ್ಚುವುದು. 'ಎರಡು ಕರೆಂಟ್ ಕಂಬ ದಾಟಿ ನಿಂತ್ಕಳ್ಳಬೇಕು' ಅಂತ ಅವರ ಡ್ರೈವರ್ ಕಲಿಸಿದ್ದರಂತೆ. ಮೊದಲನೇ ಕಂಬದ ಹತ್ತಿರವೇ ನಿಂತರೆ ಕಪಾಳಕ್ಕೆ ಬೀಳುತ್ತಿತ್ತಂತೆ.

ಸಂಜೆ ಮನೆಗೆ ಹೋಗುವಾಗ ಮಾವನ ಊರಿನ ರಸ್ತೆಯಲ್ಲಿ ನಾನು ಒಬ್ಬನೇ ಹೆಜ್ಜೆ ಎಣಿಸಿದೆ. ಒಂದು ಕಂಬದಿಂದ ಇನ್ನೊಂದಕ್ಕೆ 61 ಹೆಜ್ಜೆ. ಎರಡು ಕಂಬ ಅಂದರೆ 300 ಅಡಿ ಮೇಲಾಯಿತು. ಅಮೇರಿಕದ ಪುಸ್ತಕದಲ್ಲಿ 200.

ಇದನ್ನು ಬರೆಯಬೇಕಾ ಬೇಡವಾ ಅಂತ ಎರಡು ಸಲ ಯೋಚಿಸಿದೆ, ನನ್ನ ವಾದಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗೆ. ಆದರೆ ಇದೇ ನಿಜ. ನಮಗೂ ನಿಲ್ಲಿಸಲು ಬರುತ್ತಿತ್ತು. ಅದು ಪುಸ್ತಕದಲ್ಲಿ ಇರಲಿಲ್ಲ, ಒಬ್ಬ ಹುಡುಗನ ಕಾಲಿನಲ್ಲಿತ್ತು. ಈಗ ಕ್ಲೀನರ್ ಸಿಗಲ್ಲ. ಸಿಕ್ಕರೂ ಅವನಿಗೆ ಕೊಡುವ ಸಂಬಳ ಒಂದು ಟ್ರಿಪ್ಪಿನಲ್ಲಿ ಗಿಟ್ಟಲ್ಲ ಅನ್ನುತ್ತಾರೆ ಮಾವ. ಊರಿನ ಹುಡುಗರು ಆರು ವರ್ಷ ಗ್ಲಾಸು ಒರೆಸಿ ಏಟು ತಿಂದು ಕಲಿಯುವುದಕ್ಕೆ ಯಾಕೆ ಬರುತ್ತಾರೆ? ಬರಬಾರದು ಕೂಡ. ಕ್ಲೀನರ್ ಹೋದ, ಅವನ ಜಾಗಕ್ಕೆ ಬರಬೇಕಾದ ತ್ರಿಕೋನ ಸೀಟಿನ ಅಡಿಯಲ್ಲಿ ಕವರಿನೊಳಗೆ ಉಳಿಯಿತು. ಮೇಲುಕೋಟೆ ರಸ್ತೆಯ ಆ ಹುಡುಗನಿಗೆ ಎರಡೂ ಸಿಕ್ಕಿಲ್ಲ. ಅವನು ಕಂಡದ್ದು ಕಲ್ಲು ಮಾತ್ರ, ಅದನ್ನೇ ಇಟ್ಟ. ಅವನಿಗೆ ಅಷ್ಟು ಕೂಗಾಡಬಾರದಿತ್ತು. ಹ್ಞಾಂ, ಕೂಗಾಡಿದ್ದೆ, ಮೇಲೆ ಆ ಮಾತು ಬರೆದಿಲ್ಲ.

ಇನ್ನೊಂದು ಮಾತು ಮಾವ ಹೇಳಿದ್ದು. 'ನಿಲ್ಸು ಅಂತೀಯಲ್ಲ, ಎಲ್ ನಿಲ್ಸಲಿ?' ಬೆಂಗಳೂರು ಮೈಸೂರು ಹೊಸ ರಸ್ತೆ 119 ಕಿಲೋಮೀಟರ್. 2023ರ ಮಾರ್ಚಿನಲ್ಲಿ ನಮ್ಮ ಮದ್ದೂರಿನ ಗೆಜ್ಜಲಗೆರೆಯಲ್ಲೇ ಉದ್ಘಾಟನೆ ಆಯಿತು. ಆ ವರ್ಷ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರುವ ಹಾಗಿಲ್ಲ. ಸರಿ, ಒಳ್ಳೆಯದೇ. ಆದರೆ ರಾತ್ರಿ ಎರಡು ಗಂಟೆಗೆ ಕಣ್ಣು ಎಳೆದರೆ ಲಾರಿ ಎಲ್ಲಿ ಹಾಕಿ ಮಲಗುವುದು ಅನ್ನುವುದು ಮಾವನ ಪ್ರಶ್ನೆ. ಅಂಚಿನಲ್ಲಿ ಹಾಕಿದರೆ ನನ್ನಂಥವರು ಬೈಯುತ್ತೇವೆ, ಓಡಿಸಿಕೊಂಡೇ ಹೋದರೆ ನಿದ್ದೆಗಣ್ಣು. ಡ್ರೈವರಿಗೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೆ ಒಮ್ಮೆ ಅರ್ಧ ಗಂಟೆ ಬಿಡುವು ಅಂತ 1961ರಲ್ಲೇ ಕಾಯ್ದೆ ಆಗಿತ್ತು ಅಂದೆ. ಮಾವ ನಗುವುದನ್ನು ನಿಲ್ಲಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಅಮೇರಿಕದಲ್ಲಿ ನನ್ನ ಗಂಟೆಗಳನ್ನು ಲಾರಿಗೆ ಕೂರಿಸಿದ ಪೆಟ್ಟಿಗೆಯೇ ಎಣಿಸುತ್ತದೆ. ಹನ್ನೊಂದು ಗಂಟೆ ಓಡಿಸಬಹುದು, ಅದೂ ಕೆಲಸ ಶುರುವಾದ ಹದಿನಾಲ್ಕು ಗಂಟೆಯೊಳಗೆ, ಆಮೇಲೆ ಹತ್ತು ಗಂಟೆ ಬಿಡುವು. ಆದರೆ ಗಂಟೆ ಮುಗಿದ ಜಾಗದಲ್ಲಿ ನಿಲ್ಲಲು ಜಾಗ ಇರಬೇಕಲ್ಲ? ಸಂಜೆ ಆರರ ಮೇಲೆ ಟ್ರಕ್ ಸ್ಟಾಪುಗಳೆಲ್ಲ ತುಂಬಿರುತ್ತವೆ. ಹೆದ್ದಾರಿಯಿಂದ ಇಳಿಯುವ ದಾರಿಯ ಅಂಚಿನಲ್ಲಿ ನಮ್ಮವರ ಹಾಗೇ ಸಾಲಾಗಿ ನಿಲ್ಲಿಸಿಕೊಂಡು ಮಲಗುತ್ತಾರೆ. ನಾನೂ ಮಲಗಿದ್ದೇನೆ. 2009ರಲ್ಲಿ ಜೇಸನ್ ರಿವನ್‌ಬರ್ಗ್ ಅನ್ನುವ ಡ್ರೈವರ್ ನಿಲ್ಲಲು ಜಾಗ ಸಿಗದೆ ಮುಚ್ಚಿದ ಪೆಟ್ರೋಲ್ ಬಂಕ್ ಒಂದರಲ್ಲಿ ಲಾರಿ ಹಾಕಿ ಮಲಗಿದ್ದಾಗ ದರೋಡೆಕೋರನ ಗುಂಡಿಗೆ ಸತ್ತರು. ಅವರ ಹೆಂಡತಿ ಹೋರಾಡಿ, 2012ರಲ್ಲಿ ಅವರ ಹೆಸರಿನಲ್ಲೇ ಲಾರಿ ನಿಲ್ದಾಣಗಳ ಬಗ್ಗೆ ಕಾನೂನು ಬಂತು. ಜಾಗದ ತಾಪತ್ರಯ ಇನ್ನೂ ಮುಗಿದಿಲ್ಲ.

ಹೇಳಬಾರದು ಅಂದುಕೊಂಡಿದ್ದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕಳೆದ ಚಳಿಗಾಲದಲ್ಲಿ ತುಲಾರೆ ಹತ್ತಿರ 99ನೇ ಹೆದ್ದಾರಿಯಲ್ಲಿ ನನ್ನ ಟ್ರೇಲರಿನ ಟೈರು ಸಿಡಿಯಿತು. ರಾತ್ರಿ ಹತ್ತೂವರೆ, ಮೂಗಿನ ತುದಿ ಕಾಣದಷ್ಟು ಮಂಜು. ಇಂಡಿಕೇಟರ್ ಹಾಕಿದೆ, ತ್ರಿಕೋನ ಎದೆಗೆ ಹಿಡಿದುಕೊಂಡು 4 ಹೆಜ್ಜೆ, 40 ಹೆಜ್ಜೆ, 80 ಹೆಜ್ಜೆ ನಡೆದು ಇಟ್ಟು ಬಂದೆ. ಎಲ್ಲ ಪುಸ್ತಕದ ಪ್ರಕಾರ. ಮೂರು ಗಂಟೆ ಕಾದೆ. ಒಂದು ಗಾಡಿಯೂ ನಿಧಾನ ಮಾಡಲಿಲ್ಲ. ನಿಲ್ಲಬಾರದು, ಅಲ್ಲಿ ನಿಲ್ಲುವುದೂ ಅಪಾಯವೇ, ಅದು ನನಗೂ ಗೊತ್ತು. ಆದರೂ ಆ ಮೂರು ಗಂಟೆಯಲ್ಲಿ ನನಗೆ ನೆನಪಾಗುತ್ತಿದ್ದದ್ದು ನಾಗಮಂಗಲದ ಹತ್ತಿರ ಮಾವನ ಲಾರಿ ಕೆಟ್ಟು ನಿಂತ ಕಥೆ. ಎರಡು ದಿನ ನಿಂತಿತ್ತಂತೆ. ಎದುರು ಮನೆಯವರು ಎರಡು ದಿನವೂ ಮುದ್ದೆ, ಹುರುಳಿಕಾಳಿನ ಸಾರು ತಂದುಕೊಟ್ಟರಂತೆ. ಗುರುತು ಪರಿಚಯ ಇಲ್ಲದ ಲಾರಿಯವನೊಬ್ಬ ತನ್ನ ಸ್ಟೆಪ್ನಿ ಬಿಚ್ಚಿಕೊಟ್ಟು, 'ಮಂಡ್ಯಕ್ಕೆ ಬಂದಾಗ ಇಸ್ಕೋತೀನಿ' ಅಂತ ಹೋದನಂತೆ. ಇಸ್ಕೊಂಡನಾ ಅಂತ ಕೇಳಿದ್ದಕ್ಕೆ ಮಾವ ಹೇಳಿದ್ದು, ಇನ್ನೂ ಬಂದಿಲ್ಲ.

ಹೊರಡುವ ಮೊದಲು ಮೈಸೂರಿನಲ್ಲಿ ಮೂರು ತ್ರಿಕೋನ ಕೊಂಡು ಮಾವನಿಗೆ ಕೊಟ್ಟೆ. ಕವರ್ ನಾನೇ ಬಿಚ್ಚಿದೆ. 4, 40, 80 ಅಂತ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆದೆ. 'ಆಯ್ತು ಬುಡು' ಅಂದರು. ಆ 'ಬುಡು' ಎಂಥದ್ದು ಅಂತ ನಿಮಗೂ ಗೊತ್ತು.

ಹೋದ ವಾರ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಮದ್ದೂರಿನ ಈಚೆ ಎಲ್ಲೋ, ಸಂಜೆ ಬೆಳಕು, ದೂರದಲ್ಲಿ ಮಾವನ ಲಾರಿ. ಮುಂದುಗಡೆ ತ್ರಿಕೋನ, ಚೆನ್ನಾಗಿ ಹೊಳೆಯುತ್ತಿದೆ. ಗಾಳಿಗೆ ಬೀಳದ ಹಾಗೆ ಅದರ ಸುತ್ತ ನಾಲ್ಕು ಕಲ್ಲು. ಪಕ್ಕದಲ್ಲಿ ಒಂದು ಹೊಂಗೆ ಕೊಂಬೆ.

'ಎಷ್ಟು ಹೆಜ್ಜೆ ಮಾವ?' ಅಂತ ಹಾಕಿದೆ.

'ಕಂಬ ಎರಡು' ಅಂತ ಬಂತು.

'ಹೊರಡುವಾಗ ಕಲ್ಲು ತೆಗೆದ್ರಾ?' ಅಂತ ಕೇಳಿದೆ. ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ.